ಒಂದರಿಂದ ಹತ್ತರೊಳಗೆ

ನಲವತ್ತು ಫಾರಂ ಕೊಟ್ಟು ಕಳಿಸಿದ್ದಾರೆ ಕಂಪನಿಯವರು.
ಒಂದು ತುಂಬಿಸಿದರೆ ನಾಲ್ಕು ಮಲೋಟಿ,
ಕುದುರೆ ಬಾಡಿಗೆ ನನ್ನದೇ.
ಜೂನ್ ತಿಂಗಳು. ಲೆಸೊಥೊದ ಈ ಏರಿನಲ್ಲಿ
ಹಿಮ ಬಿದ್ದು ಮೂರು ದಿನ;
ಉಸಿರು ಬಿಟ್ಟರೆ ಕುದುರೆಗೆ ತನ್ನ ದಾರಿಯೇ ಕಾಣುವುದಿಲ್ಲ.

ಪ್ರಶ್ನೆ ಒಂದು: ನಮ್ಮ ಪ್ರೀಪೇಯ್ಡ್ ಸೇವೆ ತಮಗೆ ತೃಪ್ತಿ ತಂದಿದೆಯೇ?
ಒಂದರಿಂದ ಹತ್ತರೊಳಗೆ ಅಂಕ ಕೊಡಿ.

ಕುರಿ ಕಾಯುವ ರಾಪಿತ್ಸೊ ಕಂಬಳಿಯೊಳಗಿಂದ ಫೋನು ತೆಗೆದ,
ಕೋಳಿಯಡಿಯ ಮೊಟ್ಟೆ ತೆಗೆದ ಹಾಗೆ.
ಚಳಿಗೆ ಬ್ಯಾಟರಿ ಸಾಯುತ್ತದೆ, ಅದಕ್ಕೇ ಕಂಕುಳಲ್ಲಿ.
"ಹತ್ತು ಬರಕೋ" ಅಂದ.
ಇಲ್ಲಿ ಸಿಗ್ನಲ್ಲೇ ಇಲ್ಲವಲ್ಲ ಅಜ್ಜ?
"ಅದಕ್ಕೇ ಹತ್ತು. ತಂಗಿಯ ಮಕ್ಕಳು ಕೇಳುವ ಸಾಲ
ಆ ಗುಡ್ಡದಾಚೆಗೇ ನಿಂತುಬಿಡುತ್ತದೆ."

ಅಂಗಡಿಯ ಮಾನ್ಥೊ ಕಡ್ಡಿ ಮುರಿದ ಹಾಗೆ ಹೇಳಿದಳು,
ಮುರಿಯಲು ಅವಳ ಫೋನಿನಲ್ಲಿ ಒಂದು ಕಡ್ಡಿಯೂ ಇರಲಿಲ್ಲ:
"ಹತ್ತು ಮಲೋಟಿ ಕರೆನ್ಸಿಯ ಚೀಟಿ ಮಾರುವವಳು ನಾನು.
ಉಜ್ಜಿದರೆ ಉದ್ದಕ್ಕೂ ಅಂಕಿ. ಅವನ್ನು ಒತ್ತಲಿಕ್ಕೆ
ಒಂದು ತಾಸಿನ ಏರು. ಅಷ್ಟರಲ್ಲಿ
ಅಂಗೈ ಬೆವರಿಗೆ ಒಂದು ಏಳೋ ಒಂಬತ್ತೋ ಅಳಿಸಿರುತ್ತದೆ.
ಆಗ ಬೈಗುಳ ಯಾರಿಗೆ, ನಿಮಗಾ?
ಸೊನ್ನೆಯ ಚೌಕ ಎಲ್ಲಿದೆ, ತೋರಿಸು."
ಫಾರಮಿನಲ್ಲಿ ಸೊನ್ನೆ ಇರಲಿಲ್ಲ.
ಒಂದಕ್ಕೆ ಸುತ್ತು ಹಾಕಿದೆ. ಅವಳ ಕಣ್ಣಲ್ಲಿ
ಆ ಒಂದೂ ಕದ್ದ ಮಾಲೇ.

ಕೆನೆವೆಗೆ ಹತ್ತೊಂಬತ್ತು. ಅವಳ ಸಿಮ್ಮಿಗೆ ಕರೆನ್ಸಿಯ ಮುಖ ಗೊತ್ತಿಲ್ಲ.
ದಿನಕ್ಕೆ ಐದು ಸಲ ಬಿಟ್ಟಿ ಕಳಿಸಬಹುದು:
'ದಯವಿಟ್ಟು ನನಗೆ ಕರೆ ಮಾಡಿ.'
ಅದರ ಬಾಲಕ್ಕೊಂದು ಜಾಹೀರಾತು,
ಸೋಪಿನದೋ, ಶವಸಂಸ್ಕಾರದ ವಿಮೆಯದೋ.
ಒಬ್ಬನಿಗೆ ಹನ್ನೊಂದು ದಿನ ಕಳಿಸಿದಳಂತೆ.
ಅವನು ಕರೆ ಮಾಡಲಿಲ್ಲ. ವಿಮೆ ಮಾಡಿಸಿಕೊಂಡನಂತೆ.
"ಎಂಟು" ಅಂದಳು, ನಕ್ಕು.
"ಇದರಲ್ಲಿ ನೆಟ್‌ವರ್ಕಿನ ತಪ್ಪೇನಿದೆ, ಪಾಪ."

ಸೂಲಗಿತ್ತಿ ಮಾಲಿನೆಯೊ ಒಲೆಯ ಮುಂದಿದ್ದಳು.
ಕೂತುಕೋ ಅನ್ನಲಿಲ್ಲ. ಸರಿದು ಜಾಗ ಬಿಟ್ಟಳು.
ಹೋದ ಚಳಿಗಾಲ, ಅಂದಳು. ಎರಡು ರಾತ್ರಿಯಿಂದ ನೋವು.
ಮಗು ಅಡ್ಡ ತಿರುಗಿತ್ತು. ನಾನು ಬಂಡೆ ಹತ್ತಿದೆ.
ತೋಳೆತ್ತಿ ಹಿಡಿದರೆ ಒಂದು ಕಡ್ಡಿ,
ಕಿವಿಗೆ ತಂದರೆ ಅದೂ ಇಲ್ಲ.
ಎತ್ತಿದ ಕೈ ಎತ್ತಿದ ಹಾಗೇ ಕೂಗಿದೆ:
ಹಳ್ಳಿಯ ಹೆಸರು, ಹೊಳೆ ದಾಟುವ ಜಾಗ, ನನ್ನ ಹೆಸರು.
ಆಮೇಲೆ ಆ ಹೆಂಗಸಿನ ದನಿ, ಸಕ್ಕರೆಯಂಥದು:
ನಿಮ್ಮ ಖಾತೆಯಲ್ಲಿ ಸಾಕಷ್ಟು ಹಣವಿಲ್ಲ.
ಅಡ್ಡ ತಿರುಗಿದೆ ಎನ್ನುವ ಮಾತು
ನನ್ನ ಬಾಯಲ್ಲೇ ಉಳಿಯಿತು.

ಜೀಪು ಬಂತು. ನರ್ಸ್ ಇದ್ದಳು, ಡಾಕ್ಟರ್ ಇರಲಿಲ್ಲ.
ಹುಡುಗಿ ಉಳಿದಳು. ನಗುತ್ತಾಳೆ ಕೂಡ,
ನೋಡಿರಬೇಕು ನೀನು.

"ಏಳು ಬರಕೋ. ಜೀಪು ಬಂತಲ್ಲ."

ಉಳಿದ ಮೂರು? ಕೇಳಬಾರದಿತ್ತು.
ಒಲೆಗೆ ಇನ್ನೊಂದು ಬೆರಣಿ ಇಟ್ಟಳು.
'ಇತರೆ ಸಲಹೆಗಳು' ಎಂಬಲ್ಲಿ ಒಂದೂವರೆ ಗೆರೆ ಜಾಗವಿತ್ತು.
ಪೆನ್ನು ಹೆಪ್ಪುಗಟ್ಟಿದೆ ಅಂದೆ. ಸುಳ್ಳು.

ಹೊರಡುವಾಗ ತಗಡಿನ ಡಬ್ಬಿ ತೆರೆದಳು.
ಒಳಗೆ ಉಜ್ಜದ ಚೀಟಿಗಳು, ಹತ್ತು ಹನ್ನೆರಡು,
ಬಿತ್ತನೆಯ ಕಾಳಿನ ಹಾಗೆ ಒಣಗಿಸಿ ಇಟ್ಟದ್ದು.
ಒಂದನ್ನು ನನ್ನ ಅಂಗೈಗೆ ಒತ್ತಿದಳು.
"ಬರಿ ಸಿಮ್ಮಿನಲ್ಲಿ ಆ ಬಂಡೆ ಹತ್ತಬೇಡ."

ಸಂಜೆ ಮೇಲೆ ನಿಂತಿದ್ದೇನೆ.
ಊರಿಗೆ ಲೆಕ್ಕ ಒಪ್ಪಿಸಬೇಕು: ಮೂವತ್ತೊಂಬತ್ತು.
ನಲವತ್ತನೆಯದು ಖಾಲಿ, ಹೆಸರಿನ ಜಾಗದಲ್ಲಿ ನನ್ನ ಹೆಬ್ಬೆರಳ ಕೊಳೆ.
ಉಗುರಿನಿಂದ ಉಜ್ಜಿ, ಅಂಕಿಗಳನ್ನು ಎರಡೆರಡು ಸಲ ಓದಿ,
ತೋಳೆತ್ತಿದೆ.
ಕುದುರೆ ಬೆದರಿ ಹಿಂದೆ ಸರಿಯಿತು,
ಹೊಡೆಯುತ್ತಾನೆ ಅಂದುಕೊಂಡು.